ಆ್ಯಪ್ ಮುಚ್ಚಿತು, ಬರೆದದ್ದು ಎಲ್ಲಿ ಹೋಯಿತು?

2024ರ ಜುಲೈ 3ರಂದು, ಸಣ್ಣ ಸಣ್ಣ ಪೋಸ್ಟುಗಳನ್ನು ಹಾಕುವ ಕೂ ಆ್ಯಪ್ ನಿಲ್ಲುತ್ತಿದೆ ಎಂದು ಅದನ್ನು ಕಟ್ಟಿದವರೇ ತಿಳಿಸಿದರು. 2025ರ ಫೆಬ್ರವರಿಯಲ್ಲಿ ಅಮೆಜಾನ್ ಕಂಪನಿ, ಕಂತುಗಳಲ್ಲಿ ಕತೆ ಓದಿಸುತ್ತಿದ್ದ ಕಿಂಡಲ್ ವೆಲ್ಲಾವನ್ನು ಮುಚ್ಚಿತು. ಮರುತಿಂಗಳು, ಮಾರ್ಚ್ 31ರಂದು, ನವೆಂಬರ್ ಬಂತೆಂದರೆ ಜಗತ್ತಿನ ಹೊಸ ಬರಹಗಾರರನ್ನೆಲ್ಲ ಕಾದಂಬರಿ ಬರೆಯಲು ಕೂರಿಸುತ್ತಿದ್ದ ನ್ಯಾನೋರೈಮೊ ಸಂಸ್ಥೆಯೂ ಬಾಗಿಲು ಹಾಕುವುದಾಗಿ ಹೇಳಿತು. ಒಂಬತ್ತು ತಿಂಗಳಲ್ಲಿ ಮೂರು ಜಾಗ ಹೋದವು.

ಇತ್ತ ಕನ್ನಡದಲ್ಲಿ ನೋಡಿದರೆ ಮೊಬೈಲಿನಲ್ಲೇ ಬರೆಯುವವರು ಜಾಸ್ತಿ ಆಗುತ್ತಿದ್ದಾರೆ. ದಾವಣಗೆರೆಯ ಕಾಲೇಜು ಹುಡುಗಿಯರು, ಹೊಸದುರ್ಗದ ಶಾಲಾ ಮೇಷ್ಟ್ರುಗಳು, ಮಕ್ಕಳು ಶಾಲೆಗೆ ಹೋದ ಮೇಲೆ ಸಿಗುವ ಎರಡು ತಾಸಿನಲ್ಲಿ ಧಾರಾವಾಹಿಯ ಮುಂದಿನ ಕಂತು ಮುಗಿಸುವ ಗೃಹಿಣಿಯರು, ಎಲ್ಲರೂ ಬರೆಯುತ್ತಿದ್ದಾರೆ. ಬರೆಯುವವರು ಹೆಚ್ಚುತ್ತಿರುವಾಗ ಬರೆಯುವ ಜಾಗ ಯಾಕೆ ಮುಚ್ಚುತ್ತದೆ? ಮುಚ್ಚಿದಾಗ ನಿಜವಾಗಿ ಹೋಗುವುದು ಏನು? ಚಿತ್ರದುರ್ಗದಲ್ಲೋ ಹರಿಹರದಲ್ಲೋ ಕೂತು ಬರೆಯುವವರಿಗೆ ಇದರಿಂದ ಏನಾಗುತ್ತದೆ? ಒಂದೊಂದಾಗಿ ನೋಡಬೇಕು.

ಮೂರೂ ಒಂದೇ ಥರದ ಮುಚ್ಚುವಿಕೆ ಅಲ್ಲ

ನ್ಯಾನೋರೈಮೊ 1999ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತಲಿನ 21 ಜನ ಸೇರಿ ಶುರು ಮಾಡಿದ್ದು. ಕ್ರಿಸ್ ಬೇಟಿ ಎಂಬವರು ಮುಂದಾಳು. ಒಂದು ತಿಂಗಳಲ್ಲಿ 50,000 ಪದಗಳ ಕಾದಂಬರಿಯ ಕರಡು ಮುಗಿಸಬೇಕು, ಅಂದರೆ ದಿನಕ್ಕೆ ಹೆಚ್ಚುಕಡಿಮೆ 1,667 ಪದ. ಬಹುಮಾನದ ದುಡ್ಡು ಇಲ್ಲ, ತೀರ್ಪುಗಾರರೂ ಇಲ್ಲ. ಬರೆಯುವವರು ತಮ್ಮ ಕಾದಂಬರಿಯನ್ನು ತಮ್ಮ ಕಂಪ್ಯೂಟರಿನಲ್ಲೇ ಬರೆಯುತ್ತಿದ್ದರು. ಅಲ್ಲಿ ಹೋಗಿ ಇವತ್ತು ಎಷ್ಟು ಪದ ಆಯಿತು ಎಂದು ನಮೂದಿಸುತ್ತಿದ್ದರು, ಉಳಿದವರ ಜೊತೆ ಮಾತಾಡುತ್ತಿದ್ದರು, ಅಷ್ಟೆ. ಹಾಗಾಗಿ ಅದು ಮುಚ್ಚಿದಾಗ ಯಾರ ಕಾದಂಬರಿಯೂ ಹೋಗಲಿಲ್ಲ. ಹೋದದ್ದು ಒಡನಾಟ.

ಕಿಂಡಲ್ ವೆಲ್ಲಾ ಬೇರೆ ಥರ. 2021ರ ಜುಲೈನಲ್ಲಿ ಶುರುವಾದ ಅದರಲ್ಲಿ ಓದುಗರು ಟೋಕನ್ ಕೊಂಡು ಮುಂದಿನ ಕಂತು ತೆರೆಯಬೇಕಿತ್ತು. ಬರಹಗಾರರ ಹತ್ತಿರ ಕತೆಯ ಪ್ರತಿ ಇತ್ತು. ಆದರೆ ಕಂತಿಗಾಗಿ ಕಾಯುತ್ತಿದ್ದ ಓದುಗರು ಚದುರಿದರು, ಆ ಓದುಗರಿಂದ ಬರುತ್ತಿದ್ದ ಸಂಪಾದನೆ ನಿಂತಿತು. ಅಲ್ಲಿ ಕನ್ನಡಕ್ಕೆ ಜಾಗವೇ ಇರಲಿಲ್ಲ, ಆದ್ದರಿಂದ ನಮ್ಮವರಿಗೆ ನೇರ ಪೆಟ್ಟು ಬೀಳಲಿಲ್ಲ.

ಕೂ ನಮಗೆ ಹತ್ತಿರದ್ದು. 2020ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ್ದು, ಮೊದಲು ಬಂದದ್ದೇ ಕನ್ನಡದಲ್ಲಿ. ನಾಲ್ಕು ಸಾಲಿನಲ್ಲಿ ಹೇಳಿ ಮುಗಿಸುವ ಚುಟುಕು, ಹನಿಗವನದವರಿಗೆ ಹೇಳಿ ಮಾಡಿಸಿದ ಜಾಗ. ಚೆನ್ನಾಗಿ ನಡೆಯುತ್ತಿದ್ದಾಗ ದಿನಕ್ಕೆ 21 ಲಕ್ಷ ಜನ, ತಿಂಗಳಿಗೆ ಸುಮಾರು 1 ಕೋಟಿ ಜನ ಬಳಸುತ್ತಿದ್ದರು ಎಂದು ಅದನ್ನು ಕಟ್ಟಿದ ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದಾವತ್ಕಾ ಹೇಳಿದ್ದರು. ಇಲ್ಲಿ ಬರಹವೂ ಅಲ್ಲೇ, ಓದುಗರೂ ಅಲ್ಲೇ, ಒಡನಾಟವೂ ಅಲ್ಲೇ. ತೋಚಿದ ಸಾಲನ್ನು ನೇರ ಆ್ಯಪಿನಲ್ಲೇ ಟೈಪ್ ಮಾಡಿ ಬೇರೆಲ್ಲೂ ಬರೆದಿಟ್ಟುಕೊಳ್ಳದವರು ಮೂರನ್ನೂ ಒಟ್ಟಿಗೆ ಕಳೆದುಕೊಂಡರು.

ಬರಹ, ಓದುಗರು, ಒಡನಾಟ. ಯಾವುದೇ ಆನ್‌ಲೈನ್ ಜಾಗಕ್ಕೆ ಬರಹಗಾರ ಹೋಗುವುದು ಈ ಮೂರಕ್ಕೆ. ಮೂರನ್ನೂ ಒಂದೇ ಕಡೆ ಒತ್ತೆ ಇಟ್ಟಷ್ಟೂ ಪೆಟ್ಟು ದೊಡ್ಡದು. ಇದೊಂದು ಸಂಗತಿ ಮನಸ್ಸಿನಲ್ಲಿದ್ದರೆ ಉಳಿದದ್ದು ತಿಳಿಯಾಗುತ್ತದೆ.

ಖರ್ಚು ಯಾರು ಕೊಡುತ್ತಾರೆ?

ಓದುವುದು ಪುಕ್ಕಟೆ, ಬರೆಯುವುದೂ ಪುಕ್ಕಟೆ. ಆದರೆ ನಡೆಸುವುದು ಪುಕ್ಕಟೆ ಅಲ್ಲ. ಸರ್ವರ್ ಬಾಡಿಗೆ, ಎಂಜಿನಿಯರುಗಳ ಸಂಬಳ, ಕೆಟ್ಟ ಪೋಸ್ಟುಗಳನ್ನು ತೆಗೆಯುವವರ ಕೂಲಿ, ಎಲ್ಲಕ್ಕೂ ತಿಂಗಳು ತಿಂಗಳು ದುಡ್ಡು ಬೇಕು. ಅದು ಜಾಹೀರಾತಿನಿಂದ ಬರಬೇಕು, ಓದುಗರ ಚಂದಾದಿಂದ ಬರಬೇಕು, ದಾನದಿಂದ ಬರಬೇಕು, ಇಲ್ಲವೇ ಹೂಡಿಕೆದಾರರಿಂದ ಬರಬೇಕು.

ಕೂ ಬದುಕಿದ್ದು ಹೂಡಿಕೆದಾರರ ದುಡ್ಡಿನಲ್ಲಿ. ಅಂಥ ದುಡ್ಡಿಗೆ ಒಂದು ಗುಣ ಇದೆ. ಮೊದಲು ಜನ ಬರಲಿ, ಲಾಭ ಆಮೇಲೆ ನೋಡೋಣ ಎಂದು ಅದು ಕೆಲವು ವರ್ಷ ಕಾಯುತ್ತದೆ. ಜನ ಬರುವ ವೇಗ ಸ್ವಲ್ಪ ತಗ್ಗಿದರೂ ಮುಂದಿನ ಕಂತಿನ ಹಣ ಬರುವುದಿಲ್ಲ. ಹೊಸ ಹಣಕ್ಕೆ ಬರಗಾಲ ಬಂದ ಹೊತ್ತಿನಲ್ಲೇ ಕೂ ಸಿಕ್ಕಿಬಿತ್ತು. ದೊಡ್ಡ ಕಂಪನಿಗಳ ಜೊತೆ ಕೈ ಜೋಡಿಸುವ ಮಾತುಕತೆ ನಡೆಯಿತು, ಮುರಿಯಿತು. ಲಕ್ಷಾಂತರ ಜನ ಇದ್ದರೂ ಮುಚ್ಚಿದ್ದು ಇದರಿಂದ. ಜನ ಇರುವುದು ಬೇರೆ, ಆ ಜನರಿಂದ ಖರ್ಚು ಹುಟ್ಟುವುದು ಬೇರೆ.

ನ್ಯಾನೋರೈಮೊ ಲಾಭಕ್ಕಾಗಿ ನಡೆಯುತ್ತಿರಲಿಲ್ಲ. ದಾನ ಮತ್ತು ಪ್ರಾಯೋಜಕರ ಹಣದಲ್ಲಿ ನಡೆಯುತ್ತಿತ್ತು. ಅಂಥ ಕಡೆ ನಂಬಿಕೆಯೇ ಬಂಡವಾಳ. 2023ರಲ್ಲಿ ಚಿಕ್ಕ ವಯಸ್ಸಿನವರಿದ್ದ ವಿಭಾಗವನ್ನು ಸರಿಯಾಗಿ ಕಾಯಲಿಲ್ಲ ಎಂಬ ಗಂಭೀರ ದೂರು ಬಂತು. 2024ರ ಸೆಪ್ಟೆಂಬರಿನಲ್ಲಿ, ಎಐ ಬಳಸಿ ಬರೆಯುವುದನ್ನು ಪೂರ್ತಿ ಖಂಡಿಸುವುದರಲ್ಲಿ ಬಡವರ ಮತ್ತು ಅಂಗವಿಕಲರ ಬಗೆಗಿನ ತಾತ್ಸಾರ ಇದೆ ಎಂಬ ಅರ್ಥದ ಹೇಳಿಕೆಯನ್ನು ಸಂಸ್ಥೆ ಕೊಟ್ಟಿತು. ಬರಹಗಾರರು ಸಿಟ್ಟಾದರು, ಸಲಹಾ ಮಂಡಳಿಯಲ್ಲಿದ್ದ ಕೆಲವು ಲೇಖಕರು ಹೊರಬಂದರು. ನಂಬಿಕೆ ಹೋಯಿತು, ಹಣವೂ ಸಾಲದಾಯಿತು. ಆದರೂ ಹಲವು ಊರಿನ ಗುಂಪುಗಳು ತಮ್ಮ ಪಾಡಿಗೆ ನವೆಂಬರಿನಲ್ಲಿ ಕೂತು ಬರೆಯುವುದನ್ನು ಬಿಟ್ಟಿಲ್ಲ. ಸಂಸ್ಥೆ ಹೋದರೂ ಒಡನಾಟ ಉಳಿಯಬಹುದು ಎಂಬುದಕ್ಕೆ ಇದು ಸಾಕ್ಷಿ.

ಇನ್ನೊಂದು ದಾರಿ ಪ್ರತಿಲಿಪಿಯದು. ಕನ್ನಡವೂ ಸೇರಿ 12 ಭಾಷೆಗಳಲ್ಲಿ ಕತೆ ಬರೆಯುವ, ಓದುವ ಆ್ಯಪ್ ನಡೆಸುವ ಬೆಂಗಳೂರಿನ ಸಂಸ್ಥೆ ಅದು. 2021ರಲ್ಲಿ ದಕ್ಷಿಣ ಕೊರಿಯಾದ ಕ್ರಾಫ್ಟನ್ ಅದರಲ್ಲಿ ಹಣ ಹೂಡಿತು. ಕ್ರಾಫ್ಟನ್ ಅಂದರೆ ಪಬ್ಜಿ ಆಟದ ಕಂಪನಿ. ಆಟದ ಕಂಪನಿಗೆ ಕತೆಗಳ ಮೇಲೆ ಯಾಕೆ ಆಸೆ? ಓದುಗರು ಮೆಚ್ಚಿದ ಕತೆ ನಾಳೆ ಆಡಿಯೋ ಆಗಬಹುದು, ಕಾಮಿಕ್ಸ್ ಆಗಬಹುದು, ವೆಬ್ ಸರಣಿ ಆಗಬಹುದು. ಅದೇ 2021ರಲ್ಲಿ ಕೊರಿಯಾದ ನೇವರ್ ಕಂಪನಿ ಅಂಥದ್ದೇ ಕತೆಗಳ ಜಾಗವಾದ ಕೆನಡಾದ ವಾಟ್‌ಪ್ಯಾಡನ್ನು ಸುಮಾರು 60 ಕೋಟಿ ಡಾಲರಿಗೆ ಕೊಂಡದ್ದೂ ಇದೇ ಲೆಕ್ಕದಲ್ಲಿ. ಈ ವ್ಯಾಪಾರದಲ್ಲಿ ಕತೆಗಳ ಸಂಗ್ರಹವೇ ಗಣಿ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಗಣಿಗೆ ಅದಿರು ತಂದು ಹಾಕುತ್ತಿರುವವರು ತಾವೇ ಎಂದು ಬರೆಯುವವರಿಗೆ ಗೊತ್ತಿರಬೇಕು, ಅಲ್ವಾ? ಎಂಥ ಕತೆ ಮೇಲೆ ಬರುತ್ತದೆ ಎಂಬುದನ್ನೂ ಈ ವ್ಯಾಪಾರವೇ ನಿರ್ಧರಿಸುತ್ತದೆ. ನೂರು ಕಂತು ಎಳೆಯಬಲ್ಲ ಸಂಸಾರದ ಕತೆ, ಪ್ರೇಮದ ಕತೆ, ದೆವ್ವದ ಕತೆಗೆ ಇಲ್ಲಿ ಬೆಲೆ ಜಾಸ್ತಿ. ಆರು ಪುಟದ ಒಳ್ಳೆಯ ಸಣ್ಣಕತೆಗೆ ಕಡಿಮೆ.

ದಾವಣಗೆರೆಗೆ ಇದು ಯಾಕೆ ಹೆಚ್ಚು ತಟ್ಟುತ್ತದೆ

ಕನ್ನಡದ ದೊಡ್ಡ ಪತ್ರಿಕೆಗಳ ಕಚೇರಿ, ಪ್ರಕಾಶಕರು, ಪುಸ್ತಕ ಬಿಡುಗಡೆ ಎಲ್ಲ ಹೆಚ್ಚಾಗಿ ಬೆಂಗಳೂರಿನಲ್ಲಿ. ದಾವಣಗೆರೆಯಿಂದ ಅಲ್ಲಿಗೆ ಸುಮಾರು 260 ಕಿಲೋಮೀಟರ್, ಚಿತ್ರದುರ್ಗದಿಂದ ಸುಮಾರು 200. ಒಂದು ಗೋಷ್ಠಿಗೆ ಹೋಗಿ ಬರಬೇಕೆಂದರೆ ಎರಡು ದಿನದ ಕೆಲಸ ಬಿಡಬೇಕು.

ಇಲ್ಲಿ ಸಾಹಿತ್ಯ ಇಲ್ಲ ಎಂದೇನಲ್ಲ. ಕಾದಂಬರಿಕಾರ ತ.ರಾ.ಸು. ಹುಟ್ಟಿದ್ದು ಮಲೇಬೆನ್ನೂರಿನಲ್ಲಿ, ಬರೆದದ್ದು ಕೋಟೆಯ ಊರಾದ ಚಿತ್ರದುರ್ಗದ ಬಗ್ಗೆ. ಮೈಸೂರಿನಲ್ಲಿ ಒಂದು ತಲೆಮಾರಿನ ಲೇಖಕರನ್ನೇ ಬೆಳೆಸಿದ ಮೇಷ್ಟ್ರು ಟಿ.ಎಸ್. ವೆಂಕಣ್ಣಯ್ಯ ಚಳ್ಳಕೆರೆ ತಾಲ್ಲೂಕಿನ ತಳುಕಿನವರು. ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ದಾವಣಗೆರೆಯಲ್ಲಿ 1922ರಲ್ಲಿ ಒಮ್ಮೆ, 1992ರಲ್ಲಿ ಇನ್ನೊಮ್ಮೆ ನಡೆದಿದೆ. 2009ರಲ್ಲಿ ಎಲ್. ಬಸವರಾಜು ಅವರ ಅಧ್ಯಕ್ಷತೆಯಲ್ಲಿ 75ನೆಯ ಸಮ್ಮೇಳನ ಚಿತ್ರದುರ್ಗದಲ್ಲಿ ಆಯಿತು. ಆದರೆ ಸಮ್ಮೇಳನ ಕೆಲವೇ ದಿನದ ಹಬ್ಬ. ಉಳಿದ ದಿನ ಹೊಸದಾಗಿ ಬರೆಯುವವರು ತಮ್ಮ ಕರಡನ್ನು ಯಾರಿಗೆ ತೋರಿಸಬೇಕು? ಈ ಖಾಲಿ ಜಾಗವನ್ನು ತುಂಬಿದ್ದು ಮೊಬೈಲು.

ಅದು ಕೊಟ್ಟ ಲಾಭ ದೊಡ್ಡದು. ದಾವಣಗೆರೆಯ ಕತೆಯಲ್ಲಿ ಮಂಡಕ್ಕಿ ಬಂದರೆ ಮೈಸೂರಿನ ಓದುಗರು 'ಕಡ್ಲೆಪುರಿ ತಾನೆ?' ಎಂದು ಕೇಳುತ್ತಾರೆ, ಧಾರವಾಡದವರು 'ಚುರುಮುರಿ' ಎನ್ನುತ್ತಾರೆ. ಉತ್ತರ ಮತ್ತು ದಕ್ಷಿಣ ಕರ್ನಾಟಕದ ಮಾತು ಕೂಡುವ ಜಾಗ ಇದು. ಇಲ್ಲಿನ ಕನ್ನಡಕ್ಕೆ ತನ್ನದೇ ಲಯ ಇದೆ. ಮೊಳಕಾಲ್ಮೂರಿನ ಮಗ್ಗದ ಮಾತು, ಚಳ್ಳಕೆರೆ ಕಡೆಯ ಕುರಿಗಾಹಿಗಳ ಮಾತು ಮೊದಲ ಸಲ ಬೇರೆ ಜಿಲ್ಲೆಯ ಸಾವಿರಾರು ಓದುಗರನ್ನು ನೇರ ಮುಟ್ಟುತ್ತಿರುವುದು ಈಗ. ಮಧ್ಯೆ ಯಾರೂ ಅದನ್ನು 'ಶುದ್ಧ' ಮಾಡಿ ಕಳಿಸುತ್ತಿಲ್ಲ. ಇಂಥ ಜಾಗ ಮುಚ್ಚಿದರೆ ಬೆಂಗಳೂರಿನವರಿಗೆ ಇನ್ನೊಂದು ವೇದಿಕೆ ಇದೆ. ಹೊಳಲ್ಕೆರೆಯ ಹಳ್ಳಿಯವರಿಗೆ ಎಷ್ಟೋ ಸಲ ಅದೊಂದೇ ಇರುತ್ತದೆ.

ವಾಟ್ಸಾಪ್ ಗ್ರೂಪು ಸಮುದಾಯವೇ?

ನಮ್ಮ ಕಡೆ 'ಸಾಹಿತ್ಯ ಬಳಗ' ಎಂದರೆ ಈಗ ಬಹುಪಾಲು ವಾಟ್ಸಾಪ್ ಗ್ರೂಪು. ಒಂದು ಗ್ರೂಪಿಗೆ 1,024 ಜನ ಸೇರಬಹುದು. ಸೋಮವಾರ ಒಂದು ಪದ ಕೊಟ್ಟು ಕವನ, ಬುಧವಾರ ಚಿತ್ರಕ್ಕೊಂದು ಕವನ, ಭಾನುವಾರ ಗೂಗಲ್ ಮೀಟಿನಲ್ಲಿ ಕವಿಗೋಷ್ಠಿ. ಬರೆದವರಿಗೆ ಫೋಟೋ, ಹೆಸರು ಹಾಕಿದ ಅಭಿನಂದನಾ ಪತ್ರ ಮೊಬೈಲಿಗೇ ಬರುತ್ತದೆ.

ಇದನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಐವತ್ತು ದಾಟಿದ ಮೇಲೆ ಮೊದಲ ಕವನ ಬರೆದವರಿಗೆ ಆ ಪತ್ರ ಕೊಡುವ ಧೈರ್ಯ ಸಣ್ಣದಲ್ಲ. ತೊಂದರೆ ಇರುವುದು ಬೇರೆ ಕಡೆ. ಎಲ್ಲರಿಗೂ ಪತ್ರ ಕೊಟ್ಟರೆ ಯಾರ ಕವನವನ್ನೂ ಯಾರೂ ತಿದ್ದುವುದಿಲ್ಲ. ದಿನಕ್ಕೆ ಎಂಬತ್ತು ಕವನ ಬಂದರೆ ಓದುವುದಾದರೂ ಹೇಗೆ? ಕೈ ಮುಗಿದ ಚಿತ್ರ ಒತ್ತಿ ಮುಂದೆ ಹೋಗುತ್ತಾರೆ. ಬರೆದವರಿಗೆ ತಾನು ಬೆಳೆದೆನೋ ಇಲ್ಲವೋ ಗೊತ್ತಾಗುವುದೇ ಇಲ್ಲ. ಒಡನಾಟ ಇದೆ, ಓದು ಇಲ್ಲ.

ಎರಡನೆಯ ತೊಂದರೆ ಹೆಸರಿನದು. ಒಳ್ಳೆಯ ಸಾಲು ಗ್ರೂಪಿಂದ ಗ್ರೂಪಿಗೆ ಹೋಗುವಾಗ ಕೆಳಗಿದ್ದ ಹೆಸರು ಉದುರಿಹೋಗುತ್ತದೆ. ಮೂರನೆಯ ಗ್ರೂಪಿನಲ್ಲಿ 'ಕೃಪೆ: ವಾಟ್ಸಾಪ್' ಎಂದಾಗುತ್ತದೆ, ಐದನೆಯದರಲ್ಲಿ ಬೇರೆ ಯಾರದೋ ಹೆಸರು ಬರುತ್ತದೆ. ತನ್ನ ಕವನವೇ ತನಗೆ ಇನ್ನೊಬ್ಬರ ಹೆಸರಲ್ಲಿ ಫಾರ್ವರ್ಡ್ ಆಗಿ ಬಂದಾಗ, ಮೊದಲು ಬರೆದದ್ದು ನಾನೇ ಎಂದು ತೋರಿಸಲು ಅವರ ಹತ್ತಿರ ಏನೂ ಇರುವುದಿಲ್ಲ. ಫೋನ್ ಬದಲಾಯಿಸಿದರೆ, ಬ್ಯಾಕಪ್ ಇಲ್ಲದಿದ್ದರೆ, ಆ ಗ್ರೂಪಿನಲ್ಲಿ ಬರೆದ ಮೂರು ವರ್ಷದ ಕವನ ಒಂದು ಮಧ್ಯಾಹ್ನದಲ್ಲಿ ಹೋಗುತ್ತದೆ. ಇಲ್ಲಿ ಯಾವ ಕಂಪನಿಯೂ ಮುಚ್ಚಿಲ್ಲ. ಆದರೂ ನಷ್ಟ ಅದೇ.

ಮುದ್ರಣದವರ ವಾದ, ಆನ್‌ಲೈನಿನವರ ವಾದ

ಸಂಪಾದಕರು ಕೈ ಹಾಕದ ಬರಹ ಬರಹವಲ್ಲ ಎನ್ನುವವರು ಒಂದು ಕಡೆ. ಪತ್ರಿಕೆಗೆ ಕಳಿಸಿ, ವಾಪಸು ಬಂದದ್ದನ್ನು ಮತ್ತೆ ತಿದ್ದಿ ಕಳಿಸುವಾಗಲೇ ಕತೆಗಾರ ಹುಟ್ಟುತ್ತಾನೆ, ಲೈಕು ನೋಡಿ ಬರೆಯುವವರು ಲೈಕಿಗಾಗಿಯೇ ಬರೆಯಲು ಕಲಿಯುತ್ತಾರೆ ಎಂಬುದು ಅವರ ಮಾತು. ಅಚ್ಚಾದ ಪುಸ್ತಕ ಪ್ರಕಾಶಕ ಅಂಗಡಿ ಮುಚ್ಚಿದರೂ ಗ್ರಂಥಾಲಯದಲ್ಲಿ ಇರುತ್ತದೆ ಎಂದೂ ಅವರು ಹೇಳುತ್ತಾರೆ. ಇದು ನಿಜ. 2022ರಲ್ಲಿ ಅಮೆಜಾನ್ ತನ್ನ ಕೈಲಿದ್ದ ವೆಸ್ಟ್‌ಲ್ಯಾಂಡ್ ಪ್ರಕಾಶನವನ್ನು ದಿಢೀರನೆ ನಿಲ್ಲಿಸಿತು. ಲೇಖಕರು ಕಂಗಾಲಾದರು. ಆದರೆ ಅದಾಗಲೇ ಮನೆ ಸೇರಿದ್ದ ಪ್ರತಿಗಳನ್ನು ಯಾರೂ ಅಳಿಸಲು ಆಗಲಿಲ್ಲ. ಆ ಪ್ರಕಾಶನದ ತಂಡ ಆಮೇಲೆ ಪ್ರತಿಲಿಪಿಯ ಜೊತೆ ಸೇರಿ ಮತ್ತೆ ಕೆಲಸ ಶುರು ಮಾಡಿತು. ಮುದ್ರಣ ಮತ್ತು ಆನ್‌ಲೈನ್ ಎರಡು ಬೇರೆ ಲೋಕ ಎಂದುಕೊಂಡವರು ಇದನ್ನು ಗಮನಿಸಬೇಕು.

ಆ ಬಾಗಿಲು ನಮಗೆ ತೆರೆದೇ ಇರಲಿಲ್ಲ ಎನ್ನುವವರು ಇನ್ನೊಂದು ಕಡೆ. ಯಾರ ಪರಿಚಯವೂ ಇಲ್ಲದ, ಮನೆಯಿಂದ ಹೊರಗೆ ಹೋಗಲಾಗದ, ಯಾವ ಬಳಗಕ್ಕೂ ಸೇರದವರಿಗೆ ಮೊದಲ ಓದುಗರು ಸಿಕ್ಕಿದ್ದು ಆ್ಯಪಿನಲ್ಲಿ ಎನ್ನುತ್ತಾರೆ. ಇದೂ ನಿಜ. ಪತ್ರಿಕೆಗಳಲ್ಲಿ ಕತೆಗೆ ಸಿಗುವ ಪುಟ ಕಡಿಮೆಯಾಗುತ್ತಾ ಬಂದಿರುವುದು ಕಣ್ಣಿಗೆ ಕಾಣುತ್ತದೆ. ಹೀಗಿರುವಾಗ 'ಪತ್ರಿಕೆಗೆ ಕಳಿಸಿ' ಎಂದು ಸುಮ್ನೆ ಹೇಳುವುದು ಉಪಯೋಗವಿಲ್ಲದ ಸಲಹೆ.

ಸರ್ಕಾರವೇ ಬರಹಗಾರರಿಗೆ ಜಾಗ ಮಾಡಿಕೊಡಲಿ ಎನ್ನುವವರೂ ಇದ್ದಾರೆ. ಆಕರಗಳನ್ನು ಕೂಡಿಡಲು ಸರ್ಕಾರ ಸರಿ. ಆದರೆ ಒಡನಾಟವನ್ನು ಆದೇಶದಿಂದ ಹುಟ್ಟಿಸಲು ಆಗುವುದಿಲ್ಲ. ಯೋಜನೆಯ ಅನುದಾನ ಮುಗಿದರೆ ಸರ್ಕಾರಿ ತಾಣವೂ ಸೊರಗುತ್ತದೆ.

ಮುದ್ರಣದವರು ಹೇಳುವ ತಿದ್ದುವಿಕೆ, ಆನ್‌ಲೈನಿನವರು ಹೇಳುವ ತೆರೆದ ಬಾಗಿಲು, ಈ ಎರಡೂ ಒಂದೇ ಕಡೆ ಸಿಗದಿರುವುದೇ ಕನ್ನಡದ ಹೊಸ ಬರಹಗಾರರ ನಿಜವಾದ ಕೊರತೆ. ಅದಕ್ಕೆ ದೊಡ್ಡ ಆ್ಯಪು ಬೇಡ. ಹತ್ತು ಜನರ ಗುಂಪು ಸಾಕು. ತಿಂಗಳಿಗೆ ಎರಡೇ ಕತೆ, ಎಲ್ಲರೂ ಪೂರ್ತಿ ಓದಿ ಬರುವುದು, 'ಚೆನ್ನಾಗಿದೆ' ಎಂಬ ಮಾತಿಗೆ ಜೊತೆಗೆ 'ಯಾಕೆ' ಎಂಬುದನ್ನೂ ಹೇಳುವುದು. ಶಿವಗಂಗೋತ್ರಿಯ ದಾವಣಗೆರೆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ದುರ್ಗದ ಮೇಷ್ಟ್ರುಗಳು, ಹಿರಿಯೂರಿನ ಬ್ಯಾಂಕ್ ನೌಕರರು ಆನ್‌ಲೈನಿನಲ್ಲೇ ಇದನ್ನು ಮಾಡಬಹುದು.

ಹೊರಗಿನ ಪದ್ಧತಿಯನ್ನು ಹಾಗೇ ತರುವಾಗ ಒಂದು ಲೆಕ್ಕ ನೆನಪಿರಲಿ. ತಿಂಗಳಿಗೆ 50,000 ಪದ ಎಂಬುದು ಇಂಗ್ಲಿಷಿನ ಅಳತೆ. ಕನ್ನಡದಲ್ಲಿ 'ಮನೆಯೊಳಗಿನಿಂದಲೇ' ಎಂಬುದು ಒಂದೇ ಪದ. ಇಂಗ್ಲಿಷಿನಲ್ಲಿ ಅದಕ್ಕೆ ನಾಲ್ಕೈದು ಪದ ಬೇಕು. ಅಷ್ಟೇ ದೊಡ್ಡ ಕಾದಂಬರಿ ಕನ್ನಡದಲ್ಲಿ ಎಷ್ಟೋ ಕಡಿಮೆ ಪದಗಳಲ್ಲಿ ಮುಗಿಯುತ್ತದೆ. ದಿನದ ಗುರಿ ಮುಟ್ಟಲಾಗಲಿಲ್ಲ ಎಂದು ಕೈಬಿಟ್ಟವರು ಅಳತೆಗೋಲನ್ನೊಮ್ಮೆ ನೋಡಬೇಕು.

'ಅಪ್ರಕಟಿತ' ಎಂಬ ಒಂದು ಪದ

ಆನ್‌ಲೈನಿನಲ್ಲಿ ಹಾಕಿದ ಕತೆಯಿಂದ ಬರುವ, ಹೆಚ್ಚಿನವರಿಗೆ ತಡವಾಗಿ ಗೊತ್ತಾಗುವ ಪೆಟ್ಟು ಇದು. ಕನ್ನಡದ ಕಥಾಸ್ಪರ್ಧೆಗಳ ನಿಯಮದಲ್ಲಿ 'ಕತೆ ಬೇರೆಲ್ಲೂ ಪ್ರಕಟವಾಗಿರಬಾರದು' ಎಂಬ ಸಾಲು ಸಾಮಾನ್ಯ. ಜಾಲತಾಣ, ಫೇಸ್‌ಬುಕ್ ಕೂಡ ಸೇರುತ್ತವೆ ಎಂದು ಹಲವು ಕಡೆ ಬಿಡಿಸಿಯೇ ಬರೆದಿರುತ್ತಾರೆ. ಇನ್ನೂರು ಜನರ ಗ್ರೂಪಿಗೆ ಹಾಕಿದ್ದು ಪ್ರಕಟಣೆಯೇ? ಲಾಗಿನ್ ಆದವರಿಗಷ್ಟೇ ಕಾಣುವ ಆ್ಯಪಿನಲ್ಲಿ ಇದ್ದರೆ? ಇದಕ್ಕೆ ಎಲ್ಲರೂ ಒಪ್ಪುವ ಗೆರೆ ಇಲ್ಲ, ಆಯಾ ಸ್ಪರ್ಧೆಯವರು ಹೇಳಿದ್ದೇ ನಿಯಮ.

ಆದ್ದರಿಂದ ಉತ್ಸಾಹದಲ್ಲಿ ಸಂಜೆ ಪೋಸ್ಟ್ ಮಾಡಿದ ಕತೆ, ಆರು ತಿಂಗಳಾದ ಮೇಲೆ ಬಹುಮಾನಕ್ಕೆ ಕಳಿಸಲು ಬರುವುದಿಲ್ಲ. ಬಹುಮಾನ ಬಂದ ಮೇಲೆ ಯಾರಾದರೂ ಹಳೆ ಪೋಸ್ಟಿನ ಸ್ಕ್ರೀನ್‌ಶಾಟ್ ಕಳಿಸಿದರೆ ಮರ್ಯಾದೆಯೂ ಹೋಗುತ್ತದೆ. ಆ್ಯಪ್ ಮುಚ್ಚಿದರೆ ಕತೆಗೆ ಎರಡೂ ಕಡೆ ನಷ್ಟ. ಅಲ್ಲಿ ಓದಲು ಸಿಗುವುದಿಲ್ಲ, ಇಲ್ಲಿ ಹೊಸದು ಎನಿಸಿಕೊಳ್ಳುವುದಿಲ್ಲ. ಸ್ಪರ್ಧೆಗೆ ಇಟ್ಟುಕೊಂಡ ಕತೆಯನ್ನು ಬೇರೆ ಇಡುವುದು, ಕಂತಿನ ಕತೆಯನ್ನು ಬೇರೆ ಬರೆಯುವುದು ಸದ್ಯಕ್ಕೆ ಇರುವ ದಾರಿ.

ಹಕ್ಕು ಯಾರ ಕೈಯಲ್ಲಿ

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದ ಕ್ಷಣದಲ್ಲೇ ಹಕ್ಕು ಬರೆದವರದು. ನೋಂದಣಿ ಕಡ್ಡಾಯವಲ್ಲ. ಲೇಖಕರ ಜೀವನಪೂರ್ತಿ, ಆಮೇಲೆ 60 ವರ್ಷ ಅದು ಇರುತ್ತದೆ. ತ.ರಾ.ಸು. ತೀರಿಕೊಂಡದ್ದು 1984ರಲ್ಲಿ. ಅವರ ಕಾದಂಬರಿಗಳ ಹಕ್ಕು 2044ರ ಕೊನೆಯವರೆಗೂ ಇರುತ್ತದೆ. ಅವುಗಳ ಪಿಡಿಎಫ್ ಟೆಲಿಗ್ರಾಂ ಗ್ರೂಪುಗಳಲ್ಲಿ ಹಂಚುವುದು ಸೇವೆಯಲ್ಲ, ಕಾನೂನು ಮುರಿದಂತೆ. 1939ರಲ್ಲಿ ತೀರಿಕೊಂಡ ವೆಂಕಣ್ಣಯ್ಯನವರ ಬರಹಕ್ಕೆ ಈ ತಡೆ ಈಗಿಲ್ಲ, ಯಾರು ಬೇಕಾದರೂ ಟೈಪ್ ಮಾಡಿ ಹಾಕಬಹುದು.

ಹಕ್ಕನ್ನು ಬೇರೆಯವರಿಗೆ ವಹಿಸಿಕೊಡುವುದಾದರೆ ಬರಹದಲ್ಲಿ ಇರಬೇಕು. ಎಷ್ಟು ಕಾಲ ಎಂದು ಬರೆಯದಿದ್ದರೆ 5 ವರ್ಷ, ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದು ಕಾಯ್ದೆಯ 19ನೆಯ ಸೆಕ್ಷನ್ ಹೇಳುತ್ತದೆ. ಸಣ್ಣ ಪ್ರಕಾಶಕರ ಜೊತೆ ಅರ್ಧ ಪುಟದ ಪತ್ರಕ್ಕೆ ಸಹಿ ಹಾಕಿದವರಿಗೆ ಇದು ದೊಡ್ಡ ರಕ್ಷಣೆ. ದೊಡ್ಡ ಆ್ಯಪುಗಳ ನಿಯಮಗಳಲ್ಲಿ ಕಾಲ, ಪ್ರದೇಶ ಎರಡನ್ನೂ ಸಾಮಾನ್ಯವಾಗಿ ಬರೆದಿರುತ್ತಾರೆ, ಹಾಗಾಗಿ ಅಲ್ಲಿ ಈ ರಕ್ಷಣೆ ಸಿಗುವುದು ಕಷ್ಟ. 'ಒಪ್ಪಿದೆ' ಒತ್ತುವ ಮುಂಚೆ ಒಂದನ್ನಾದರೂ ಹುಡುಕಬೇಕು. ಅವರಿಗೆ ಕೊಡುತ್ತಿರುವ ಅನುಮತಿ ಅವರೊಬ್ಬರಿಗೇ ಮೀಸಲೋ, ಅಥವಾ ಅದೇ ಕತೆಯನ್ನು ನಾವು ಬೇರೆಡೆಯೂ ಕೊಡಬಹುದೋ? ಮೀಸಲಾಗಿದ್ದರೆ ಆ ಕತೆ ಪುಸ್ತಕವಾಗುವ ಹೊತ್ತಿಗೆ ಅವರನ್ನು ಕೇಳಬೇಕಾಗುತ್ತದೆ. ಹಕ್ಕು ಬಿಟ್ಟುಕೊಟ್ಟ ಮೇಲೂ ಇದು ನನ್ನದು ಎಂದು ಹೇಳಿಕೊಳ್ಳುವ ಹಕ್ಕು ಲೇಖಕರಿಗೆ ಉಳಿಯುತ್ತದೆ, ಅದು 57ನೆಯ ಸೆಕ್ಷನ್. ಹೆಸರು ಉದುರಿದ ಕವನಕ್ಕೂ ಅದೇ ಆಧಾರ.

ಎಐ ವಿಷಯ ಇದರ ಮುಂದುವರಿಕೆ. ಎಲ್ಲರಿಗೂ ಕಾಣುವಂತೆ ಹಾಕಿದ ಬರಹವನ್ನು ಓದಿಸಿ ಎಐಗಳನ್ನು ತಯಾರು ಮಾಡುತ್ತಾರೆ. ಅಮೆರಿಕದಲ್ಲಿ ಪುಸ್ತಕಗಳ ಕದ್ದ ಪ್ರತಿಗಳನ್ನು ಇಳಿಸಿಕೊಂಡ ಆರೋಪದ ಮೊಕದ್ದಮೆಯಲ್ಲಿ ಆಂಥ್ರೊಪಿಕ್ ಎಂಬ ಎಐ ಕಂಪನಿ 2025ರ ಸೆಪ್ಟೆಂಬರಿನಲ್ಲಿ 150 ಕೋಟಿ ಡಾಲರ್ ಕೊಡಲು ಒಪ್ಪಿತು. ಪುಸ್ತಕಕ್ಕೆ ಸುಮಾರು 3,000 ಡಾಲರ್. ಆದರೆ ಅದು ಅಮೆರಿಕದಲ್ಲಿ ನೋಂದಾಯಿಸಿದ ಪುಸ್ತಕಗಳಿಗೆ. ಭಾರತದಲ್ಲಿ ಎಐ ಕಂಪನಿಗಳು ಅನುಮತಿ ಕೇಳದೆ ಬಳಸಲಿ, ಬದಲಿಗೆ ಕಡ್ಡಾಯವಾಗಿ ಗೌರವಧನ ಕೊಡಲಿ ಎಂಬ ಪ್ರಸ್ತಾವವನ್ನು ಕೇಂದ್ರದ ಕೈಗಾರಿಕೆ ಮತ್ತು ಆಂತರಿಕ ವ್ಯಾಪಾರ ಉತ್ತೇಜನ ಇಲಾಖೆಯ (ಡಿಪಿಐಐಟಿ) ಸಮಿತಿ 2025ರ ಡಿಸೆಂಬರಿನಲ್ಲಿ ಮುಂದಿಟ್ಟಿತು. ಅದು ಹಾಗೇ ಜಾರಿಯಾದರೆ 'ಬೇಡ' ಎನ್ನುವ ಅವಕಾಶ ಲೇಖಕರಿಗೆ ಇರುವುದಿಲ್ಲ. ದುಡ್ಡು ಪಡೆಯಬೇಕಾದರೂ ಬರಹ ತಮ್ಮದೆಂದು ತೋರಿಸಬೇಕಾಗುತ್ತದೆ. ಮುಚ್ಚಿಹೋದ ಆ್ಯಪಿನಲ್ಲಿದ್ದ ಕತೆಗೆ ಯಾವ ದಾಖಲೆ ತರುವುದು?

ಬರಹಗಾರರ ಗುಂಪುಗಳಿಗೆ ಎಐ ಇನ್ನೊಂದು ಕಡೆಯಿಂದಲೂ ತಟ್ಟುತ್ತದೆ. 2023ರ ಫೆಬ್ರವರಿಯಲ್ಲಿ ಕ್ಲಾರ್ಕ್ಸ್‌ವರ್ಲ್ಡ್ ಎಂಬ ಅಮೆರಿಕದ ಕಥಾಪತ್ರಿಕೆ, ಎಐ ಬರೆದ ಕತೆಗಳ ಹೊಳೆ ತಡೆಯಲಾಗದೆ ಕೆಲಕಾಲ ಕತೆ ತೆಗೆದುಕೊಳ್ಳುವುದನ್ನೇ ನಿಲ್ಲಿಸಿತ್ತು. ಹೊಸಬರಿಗೆ ತೆರೆದಿದ್ದ ಬಾಗಿಲು ಹೀಗೂ ಮುಚ್ಚುತ್ತದೆ.

ಮುಚ್ಚಿದರೂ ಉಳಿಯುವವು

ಕೆಲವು ಜಾಗಗಳ ಕಟ್ಟಡವೇ ಬೇರೆ. 'ಅಲರ್' ನಿಘಂಟನ್ನು ನೋಡಿ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂಡಿಸಿದ ಒಂದೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ಪದಗಳು 2019ರಲ್ಲಿ ಆನ್‌ಲೈನಿಗೆ ಬಂದವು. ಅದರ ಪೂರ್ತಿ ದತ್ತಾಂಶವನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನಾಳೆ ಆ ತಾಣ ನಿಂತರೂ ಪದಗಳು ಬೇರೆಯವರ ಹತ್ತಿರ ಇರುತ್ತವೆ. ವಿಕಿಸೋರ್ಸ್‌ನಲ್ಲಿ ಹಕ್ಕು ಮುಗಿದ ಕನ್ನಡ ಕೃತಿಗಳೂ ಹಾಗೆಯೇ. ವಚನ ಸಂಚಯ ಎಂಬ ತಾಣದಲ್ಲಿ ಒಂದು ಪದ ಕೊಟ್ಟರೆ ಅದು ಯಾವ ಯಾವ ವಚನದಲ್ಲಿ ಬಂದಿದೆ ಎಂದು ತೋರಿಸುತ್ತದೆ. ಹಳೆಯ ಪದವೊಂದನ್ನು ಕವನದಲ್ಲಿ ಬಳಸುವ ಮುಂಚೆ ಅದರ ಒಡಲು ನೋಡಲು ಇದಕ್ಕಿಂತ ಒಳ್ಳೆಯ ಜಾಗ ಕಡಿಮೆ. ಮೈಸೂರಿನ ಭಾಷಾ ಸಂಸ್ಥೆಯ ಭಾರತವಾಣಿಯಲ್ಲಿ ಹಲವು ನಿಘಂಟುಗಳು ಒಟ್ಟಿಗೆ ಸಿಗುತ್ತವೆ.

ಇವು ಒಡನಾಟದ ಜಾಗಗಳಲ್ಲ, ಆಕರಗಳು. ಆದರೆ ಪಾಠ ಅಲ್ಲಿದೆ. ಇಳಿಸಿಕೊಳ್ಳಲು ಬಿಡುವ ಜಾಗ ಮುಚ್ಚಿದರೂ ಅದರಲ್ಲಿದ್ದದ್ದು ಉಳಿಯುತ್ತದೆ. ಇಂಟರ್ನೆಟ್ ಆರ್ಕೈವ್ ಹಳೆಯ ವೆಬ್ ಪುಟಗಳನ್ನು 1996ರಿಂದ ಕೂಡಿಡುತ್ತಿದೆ. ಎಲ್ಲರಿಗೂ ತೆರೆದ ಪುಟ ಅದರ ಕೈಗೆ ಸಿಗಬಹುದು. ಆ್ಯಪಿನ ಒಳಗೆ, ಲಾಗಿನ್ ಹಿಂದೆ ಇರುವುದು ಅದಕ್ಕೆ ಕಾಣುವುದಿಲ್ಲ. 2014ರಲ್ಲಿ ಆರ್ಕುಟ್, 2019ರಲ್ಲಿ ಗೂಗಲ್ ಪ್ಲಸ್, 2020ರಲ್ಲಿ ಯಾಹೂ ಗ್ರೂಪ್ಸ್ ಹೋದಾಗ ಒಳಗಿದ್ದ ಎಷ್ಟೋ ಮಾತು ಹೀಗೇ ಹೋಯಿತು.

ನುಡಿ ಫೈಲಿನಲ್ಲಿ ಸಿಕ್ಕಿಕೊಂಡ ಕಾದಂಬರಿಗಳು

ಇಷ್ಟೆಲ್ಲ ಹೇಳಿದ ಮೇಲೆ, ಯಾವ ಆ್ಯಪಿಗೂ ಸಂಬಂಧವಿಲ್ಲದ ಒಂದು ಕೆಲಸ ನಮ್ಮೂರುಗಳಲ್ಲಿ ಬಾಕಿ ಇದೆ. ಇಪ್ಪತ್ತು ವರ್ಷದಿಂದ ಅಚ್ಚಾದ ಪುಸ್ತಕಗಳ ಪಠ್ಯ ಹೆಚ್ಚಾಗಿ ಡಿಟಿಪಿ ಅಂಗಡಿಗಳ ಕಂಪ್ಯೂಟರಿನಲ್ಲಿದೆ, 'ನುಡಿ', 'ಬರಹ' ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿ. ಅವು ಯೂನಿಕೋಡ್ ಅಲ್ಲ, ಅಂದರೆ ಎಲ್ಲ ಯಂತ್ರಗಳೂ ಒಂದೇ ಥರ ಓದುವ ಅಕ್ಷರ ಸಂಕೇತದಲ್ಲಿ ಇಲ್ಲ. ಆ ಫಾಂಟ್ ಇಲ್ಲದ ಮೊಬೈಲಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರ ಮತ್ತು ಚುಕ್ಕೆಗಳ ಗೊಂದಲ ಕಾಣುತ್ತದೆ. ಹುಡುಕಲು ಸಿಗುವುದಿಲ್ಲ, ಇ-ಪುಸ್ತಕ ಮಾಡಲು ಬರುವುದಿಲ್ಲ. 2016ರಲ್ಲಿ ಅಮೆಜಾನ್ ಕಿಂಡಲಿಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಬಂದಾಗ ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಆಮೇಲೆ ಮೈಲ್ಯಾಂಗ್‌ನಂಥ ಕನ್ನಡದ್ದೇ ಇ-ಪುಸ್ತಕದ ಆ್ಯಪ್ ಬಂತು. ಅಂಥಲ್ಲಿಗೆ ಹಳೆಯ ಪುಸ್ತಕ ಹೋಗಬೇಕಾದರೂ ಮೊದಲು ಪಠ್ಯ ಯೂನಿಕೋಡ್ ಆಗಬೇಕು.

ನುಡಿಯಿಂದ ಯೂನಿಕೋಡಿಗೆ ಬದಲಾಯಿಸುವ ಪುಕ್ಕಟೆ ಪರಿವರ್ತಕಗಳು ಇವೆ. ಒಂದು ಪುಟಕ್ಕೆ ಕೆಲವೇ ಕ್ಷಣ ಸಾಕು. ಆದರೆ ಅರ್ಕಾವತ್ತು ಜಾಗ ತಪ್ಪುತ್ತದೆ, ಕೆಲವು ಒತ್ತಕ್ಷರ ಒಡೆಯುತ್ತವೆ. ಇಡೀ ಪುಸ್ತಕವನ್ನು ಒಮ್ಮೆ ಕಣ್ಣಲ್ಲಿ ಓದಿ ತಿದ್ದಲೇಬೇಕು. ಇನ್ನೂರು ಪುಟದ ಕಾದಂಬರಿಗೆ ಎರಡು ಮೂರು ವಾರದ ಸಂಜೆಗಳು ಹೋಗಬಹುದು. ಪುಸ್ತಕ ಮಾಡಿಸಿದವರು ಮೊದಲು ಮಾಡಬೇಕಾದದ್ದು, ಡಿಟಿಪಿ ಮಾಡಿಕೊಟ್ಟವರಿಗೆ ಫೋನ್ ಮಾಡಿ ಆ ಹಳೆ ಫೈಲ್ ಇನ್ನೂ ಇದೆಯಾ ಎಂದು ಕೇಳುವುದು. ಅವರು ಅಂಗಡಿಯ ಕಂಪ್ಯೂಟರ್ ಬದಲಾಯಿಸುವ ಮುಂಚೆ ಕೇಳಬೇಕು.